ಕೊನೇ ಟ್ರಿಪ್ಪು, ದಂಡಿನ ಕಡೆಗೆ

ಹತ್ತಿ, ಹತ್ತಿ, ಬಾಗಿಲಲ್ಲಿ ನಿಲ್ಲಬೇಡಿ,
ಸಾವಿರದ ಎಂಟುನೂರ ಎಪ್ಪತ್ತೆರಡಕ್ಕೆ ಇವತ್ತು ಇದೇ ಕೊನೇ ಬಸ್ಸು.
ಹೋಗಿ ಬರೋಕೆ ಅರವತ್ತು ರೂಪಾಯಿ, ಚಿಲ್ಲರೆ ಕೊಡಿ.
ಆಧಾರ್ ತೋರಿಸಿದ ಹೆಂಗಸರಿಗೆ ಪುಕ್ಕಟೆ,
ಆದರೆ ಈ ಶತಮಾನದ ಗಡಿವರೆಗೆ ಮಾತ್ರ;
ಅಲ್ಲಿಂದಾಚೆ ನಾನೂ ಟಿಕೆಟ್ ತಗೋಬೇಕು.

ಶಿವಾಜಿನಗರ ಬಿಟ್ಟು ಕಬ್ಬನ್ ರಸ್ತೆಗೆ ತಿರುಗುವಾಗ
ಕಿಟಕಿಯಾಚೆ ನೋಡ್ತಾ ಇರಿ:
ಮೊದಲು ಮೆಟ್ರೋ ಕಂಬಗಳು ಒಂದೊಂದೇ ಬೀಳ್ತವೆ,
ಮಗುವಿನ ಹಾಲುಹಲ್ಲು ಉದುರಿದ ಹಾಗೆ.
ಆಮೇಲೆ ಹೋರ್ಡಿಂಗು, ಕೇಬಲ್ಲು, ಕರೆಂಟು.
ಆಮೇಲೆ ನಮ್ಮ ಡ್ರೈವರ್ ಸಿದ್ದಲಿಂಗಪ್ಪನವರ ಹಾರ್ನು
ಜೋಡೆತ್ತಿನ ಗಂಟೆ ಆಗುತ್ತೆ. ಗಾಬರಿ ಬೇಡ,
ಗೇರಿದ್ದ ಕಡೆ ಬಾಲ ಬಂದಿರುತ್ತೆ, ಅಷ್ಟೆ.

ದಂಡು. ಇಳಿಯೋರು ಇಳೀರಿ.
ಬಲಕ್ಕೆ ಪರೇಡ್ ಮೈದಾನ, ಎಡಕ್ಕೆ ಡೇರೆ.
ಸೀಮೆಯಿಂದ ಹಡಗಿನಲ್ಲಿ ಮದ್ರಾಸಿಗೆ,
ಅಲ್ಲಿಂದ ರೈಲಲ್ಲಿ ಮಸಿ ತಿಂದು ಬಂದ ಬ್ಯಾಲೆ ಕಂಪನಿ.
ಮೂರು ರಾತ್ರಿ ಆಟ. ಕುರ್ಚಿಯೆಲ್ಲ ಕೆಂಪು ಕೋಟಿನವರಿಗೆ.
ನಮಗೆ ಡೇರೆಯ ಹಿಂದುಗಡೆ ತೂತು,
ಹಲಸೂರಿನ ಹುಡುಗರು ಕೊರೆದಿಟ್ಟದ್ದು;
ಕಣ್ಣಿಗೆ ಒಂದು ದುಡ್ಡು. ಎರಡೂ ಕಣ್ಣಿಟ್ಟರೆ ಎರಡು.

ಬಂದರು, ನೋಡಿ.
ಗಂಜಿ ಹಾಕಿದ ಬಿಳಿ ಲಂಗ, ಮಳೆ ಬಿಟ್ಟ ಮೇಲಿನ ಅಣಬೆಗಳು.
ಹೆಬ್ಬೆರಳ ತುದಿಯಲ್ಲಿ ನಿಂತು ನೆಲವನ್ನು ಕೇಳ್ತಾರೆ:
ಇಷ್ಟು ಮುಟ್ಟಿದರೆ ಸಾಕಾ? ಇನ್ನೂ ಕಡಿಮೆ ಮಾಡಲಾ?
ಪಕ್ಕದ ತೂತಿನಿಂದ ಹೂವಿನ ಬಂಗಾರಮ್ಮ:
"ಅಂಗಾಲು ಊರೋದೇ ಇಲ್ವಲ್ಲೇ, ಎಲ್ಲರಿಗೂ ಆಣಿ ಎದ್ದಿದೆಯಾ?"
ರಾಜಕುಮಾರನ ಮೀಸೆ ಕಾಡಿಗೆಯದು, ಬೆವರಿಗೆ ಇಳೀತಾ ಇದೆ;
ಅವನೂ ಅವಳೇ.
ಗಂಡಸು ಕುಣಿದರೆ ದೊರೆಗಳಿಗೆ ನೋಡೋಕಾಗಲ್ವಂತೆ.
ನಮ್ಮ ಬಯಲಾಟದಲ್ಲಿ ದ್ರೌಪದಿಗೇ ಮೀಸೆ ಬೋಳಿಸ್ತಾರೆ, ಅಂದರು ಯಾರೋ.

ಎರಡನೇ ಅಂಕ ಹಿಂದೂಸ್ಥಾನದ ಕತೆ.
ರಟ್ಟಿನ ಗುಡಿ. ಗೋಪುರದ ಮೇಲೊಂದು ಒಂಟೆ, ಯಾಕೋ.
ದೇವರ ಮುಂದೆ ಕುಣಿಯುವವಳು ಗುಲಾಬಿ ಕಾಲುಚೀಲ ತೊಟ್ಟು
ಬಟ್ಟೆ ಹಾವಿನಿಂದ ಕಚ್ಚಿಸಿಕೊಂಡು ಸಾಯ್ತಾಳೆ.
ಆ ಹೊತ್ತಿಗೆ ಸೋಮೇಶ್ವರನ ಸೇವೆ ಮುಗಿಸಿ
ಗೆಜ್ಜೆ ಗಂಟು ಹಿಡಿದು ಹೊರಟಿದ್ದ ಕನಕಸಾನಿ
ತೂತಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದಳು.
"ಸತ್ತದ್ದು ಚೆನ್ನಾಗಿತ್ತು," ಅಂದಳು,
"ತಾಳ ಎಲ್ಲಿ ಬಿಟ್ಟುಬಂದಳು?"

ಇಲ್ಲಿಗೆ ಹೊರಡಬೇಕು ಅಂತ ರೂಲ್ಸು.
ಆದರೆ ನಮ್ಮ ಪ್ಯಾಸೆಂಜರ್ ನನ್ನೇಸಾಬ್ರು,
ನಗರ್ತಪೇಟೆಯಲ್ಲಿ ನಲವತ್ತು ವರ್ಷ ಡ್ಯಾನ್ಸ್ ಉಡುಪು ಹೊಲಿದವರು,
ಒಳಗೆ ನುಗ್ಗಿಬಿಟ್ಟಿದ್ದರು.
ವೇದಿಕೆಯ ಅಂಚಿಗೆ ಸಾಲು ದೀಪ, ದೀಪಕ್ಕೆ ಗೇಣು ದೂರದಲ್ಲಿ
ಆ ಉಸಿರಿನಂಥ ಬಟ್ಟೆ.
ಮೂಲೆಯಲ್ಲಿ ಒದ್ದೆ ಕಂಬಳಿ ಹಿಡಿದ ಆಳು ಆಕಳಿಸ್ತಿದ್ದ.
ಸಾಬ್ರು ಜೇಬಿನಿಂದ ಪಟಿಕದ ಗಟ್ಟಿ ತೆಗೆದು
ಕೊನೇ ಸಾಲಿನ ಹುಡುಗಿಗೆ ಹಿಡಿದರು:
"ನೀರಲ್ಲಿ ಕರಗಿಸಿ ಅದ್ದು ಮಗಳೇ, ಕಿಡಿ ಹತ್ತಲ್ಲ."
ಹೆಸರು ಟಿಲ್ಲಿ. ಹದಿನೇಳು.
ಜೋಡಿನ ತುದಿ ಹೊಲಿಯೋ ದಾರವೂ ಅವಳ ಸಂಬಳದಲ್ಲೇ.
ಭಾಷೆ ಹೇಗೆ ತಿಳಿಯಿತೋ.
ಲಂಗದ ಅಂಚು ಎತ್ತಿ, ಬಿಟ್ಟು ತೋರಿಸಿದಳು,
ಅದು ಇಳಿಯೋಕೆ ತಗೊಂಡ ಹೊತ್ತು ತೋರಿಸಿದಳು.
ಪಟಿಕ ಹಾಕಿದರೆ ಹಳದಿ ತಿರುಗುತ್ತೆ ಅಜ್ಜ, ಸೆಡೆಯುತ್ತೆ,
ತೇಲದಿದ್ದರೆ ಕೊನೇ ಸಾಲನ್ನು ಯಾರು ನೋಡ್ತಾರೆ?

ಪೀಪಿ ಊದಿದೆ. ಹತ್ತಿ, ಹತ್ತಿ.
ತಲೆ ಎಣಿಸಿದೆ, ಎಲ್ಲ ಇದ್ದಾರೆ.
ಕಂಬಗಳು ಮತ್ತೆ ಮೊಳೆತವು, ಎತ್ತು ಹಾರ್ನ್ ಹೊಡೆಯಿತು.
ಹಿಂದಿನ ಸೀಟಿನಲ್ಲಿ ಸಾಬ್ರು ಬೆರಳಲ್ಲಿ ಏನೋ ಲೆಕ್ಕ ಹಾಕ್ತಿದ್ದರು.
ಇಂಡಿಯನ್ ಎಕ್ಸ್‌ಪ್ರೆಸ್ ಸ್ಟಾಪಲ್ಲಿ ಎದ್ದು ಬಂದು ಕೇಳಿದರು:
"ನಾಳೆಗೂ ಒಂದು ಕೊಡಮ್ಮ.
ಒಂದು ಚಿಟಿಕೆ ನೀಲಿ ಬೆರೆಸಿದರೆ ಹಳದಿ ಕಾಣಲ್ಲ.
ತೇಲೋದಕ್ಕೆ, ಅಡ್ಡ ಕತ್ತರಿಸಬೇಕು ಬಟ್ಟೇನ. ಅಡ್ಡ."

ಹರಿದು ಕೊಟ್ಟೆ.
ದುಡ್ಡು ತಗೊಳ್ಳಲಿಲ್ಲ. ಡಿಪೋದಲ್ಲಿ ಹೇಳಬೇಡಿ.